ಗದಗಿನಿಂದ ಅಘನಾಶಿನಿಗೆ: ಹಕ್ಕಿ ನೋಡಲು ಸಂಕಷ್ಟಿಯ ಆಸುಪಾಸಿನಲ್ಲಿ ಹೊರಡಿ

ಪ್ರಶ್ನೆ: ನಾನು ಗದಗಿನಲ್ಲಿ ಶಿಕ್ಷಕಿ. ಚಳಿಗಾಲ ಬಂತೆಂದರೆ ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆಯ ಹೆಬ್ಬಾತು ನೋಡುವುದು ನಮ್ಮ ಮನೆಯಲ್ಲಿ ರೂಢಿ. ಕಳೆದ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೋದವರು ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೂ ಹೋಗಿದ್ದೆವು. ಹುಣ್ಣಿಮೆಯ ಮರುದಿನ, ಬೆಳಗ್ಗೆ 11 ಗಂಟೆ. ಕಂಡದ್ದು ಬರೀ ನೀರು, ನಾಲ್ಕು ಬೆಳ್ಳಕ್ಕಿ, ಎರಡು ಗರುಡ. ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಎನ್ನುತ್ತಾರೆ, ಆದರೆ ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ, ಕೇಳೋಣ ಅಂದರೆ ಯಾರೂ ಇಲ್ಲ. ಬರುವ ಜನವರಿಯಲ್ಲಿ ಎರಡು ದಿನ ಬಿಡುವಿದೆ. 70 ದಾಟಿದ ಅಪ್ಪ, ಒಂಬತ್ತು ವರ್ಷದ ಮಗಳು ಜೊತೆಗಿರುತ್ತಾರೆ. ಯಾವಾಗ, ಎಲ್ಲಿ ನಿಂತು ನೋಡಬೇಕು? ದೋಣಿ ಬೇಕೇ ಬೇಕಾ? ಅಲ್ಲಿ ಹಕ್ಕಿ ಕಡಿಮೆಯಾಗಿವೆಯೇ?

ಉತ್ತರ: ನೀವು ಹೋದ ಜಾಗ ಸರಿಯಾಗೇ ಇತ್ತು. ಹಕ್ಕಿಗಳೂ ಅಲ್ಲೇ ಹತ್ತಿರದಲ್ಲಿದ್ದವು. ತಪ್ಪಿದ್ದು ಹೊತ್ತು ಮಾತ್ರ.

ಮಾಗಡಿಯ ಹೆಬ್ಬಾತುಗಳದ್ದು ಸೂರ್ಯನ ಲೆಕ್ಕ. ಹೊಲಗಳಿಗೆ ಮೇಯಲು ಹೋಗುತ್ತವೆ, ಹಗಲು ಕೆರೆಗೆ ಬಂದು ಸುಧಾರಿಸಿಕೊಳ್ಳುತ್ತವೆ. ನೀವು ಹತ್ತಕ್ಕೆ ಹೋದರೂ ಮೂರಕ್ಕೆ ಹೋದರೂ ಕೆರೆಯಲ್ಲಿ ಹಕ್ಕಿ ಇರುತ್ತದೆ. ಅಳಿವೆಯ ಹಕ್ಕಿಗಳದ್ದು ಚಂದ್ರನ ಲೆಕ್ಕ. ಸಮುದ್ರದ ನೀರು ಇಳಿದು ಕೆಸರು ಬಯಲಾದಾಗ ಅವಕ್ಕೆ ಊಟ. ನೀರು ಏರಿ ಕೆಸರು ಮುಚ್ಚಿತು ಅಂದರೆ ಊಟ ಮುಗಿಯಿತು. ಆಗ ಅವು ಎಲ್ಲೋ ಒಂದು ಒಣ ಜಾಗದಲ್ಲಿ ಒತ್ತೊತ್ತಾಗಿ ನಿಂತು, ಒಂದು ಕಾಲು ಮಡಚಿ, ಕೊಕ್ಕು ಬೆನ್ನಿಗೆ ಸಿಕ್ಕಿಸಿ ತೂಕಡಿಸುತ್ತವೆ. ರಾತ್ರಿ ಇಳಿತವಿದ್ದರೆ ರಾತ್ರಿಯೂ ಮೇಯುತ್ತವೆ. ಅವಕ್ಕೆ ಬೆಳಗು, ಮಧ್ಯಾಹ್ನ ಅನ್ನೋದು ಅಷ್ಟು ಮುಖ್ಯವಲ್ಲ.

ನಮ್ಮ ಕರಾವಳಿಯಲ್ಲಿ ಒಂದು ಹಗಲು-ರಾತ್ರಿಯಲ್ಲಿ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ತಾಸಿಗಿಂತ ತುಸು ಜಾಸ್ತಿ. ದಿನದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ನೀರು ತುಂಬ ಏರುತ್ತದೆ, ತುಂಬ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಮಂದ. ಕಾರವಾರ-ಕುಮಟಾ ಭಾಗದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದಿನಗಳಲ್ಲಿ ಬೆಳಗ್ಗೆ ಹತ್ತೂವರೆ-ಹನ್ನೊಂದೂವರೆಯ ಸುಮಾರಿಗೆ ಪೂರ್ತಿ ಉಬ್ಬರ. ಹುಣ್ಣಿಮೆಯ ಮರುದಿನ 11ಕ್ಕೆ ನೀವು ದಂಡೆಯಲ್ಲಿ ನಿಂತಿದ್ದಿರಿ. ಅಳಿವೆ ಪೂರ್ತಿ ತುಂಬಿದ್ದ ಹೊತ್ತು ಅದು. ಬರೀ ನೀರು ಕಂಡಿತು ಅಂದಿರಲ್ಲ, ಅದಕ್ಕೇ.

ಇದೇ ಅಳಿವೆಯಲ್ಲಿ, ಮೊದಮೊದಲು ನಾನು ದಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು ಸುಮ್ಮನೆ ನಿಂತಿದ್ದಾಗ, ಬುಟ್ಟಿ ಹಿಡಿದು ಕೂತಿದ್ದ ಹೆಂಗಸೊಬ್ಬರು ಹೇಳಿದ್ದರು: "ಈಗ ಎಂತ ಕಾಣ್ತದೆ? ನೀರು ಇಳೀಲಿ, ನಾವೂ ಅದಕ್ಕೇ ಕೂತದ್ದು." ಅವರು ಬಳಚು, ಅಂದರೆ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ, ಹೆಕ್ಕಲು ಬಂದವರು. ಹಕ್ಕಿಗೆ ಬೇಕಾದ ಹೊತ್ತೂ ಅವರಿಗೆ ಬೇಕಾದ ಹೊತ್ತೂ ಒಂದೇ. ಆವತ್ತಿನಿಂದ ನಾನು ಹೊಸ ಅಳಿವೆಗೆ ಹೋದರೆ ಮೊದಲು ನೋಡುವುದು ಬಳಚು ಹೆಕ್ಕುವವರು ಎಲ್ಲಿದ್ದಾರೆ ಅಂತ. ಅವರು ನೀರಿಗೆ ಇಳಿದರೆ ಹಕ್ಕಿಯೂ ಇಳಿಯುತ್ತದೆ.

ಈಗ ನಿಮ್ಮ ಜನವರಿಯ ವಿಚಾರ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಯಾವತ್ತು ಅಂತ ನೋಡಿ. ಹುಣ್ಣಿಮೆಯಾಗಿ ನಾಲ್ಕನೆಯ ತಿಥಿ ಅದು. ಅಷ್ಟರಲ್ಲಿ ನೀರಿನ ಹೊತ್ತು ಮೂರು ತಾಸಿನಷ್ಟು ಮುಂದೆ ಸರಿದಿರುತ್ತದೆ. ಬೆಳಗ್ಗೆ ಸುಮಾರು ಎಂಟು-ಎಂಟೂವರೆಗೆ ಪೂರ್ತಿ ಇಳಿತ, ಮಧ್ಯಾಹ್ನ ಎರಡರ ಮೇಲೆ ಉಬ್ಬರ. ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಅಂದರೆ ಬೆಳಕು ಬರುವಾಗ ನೀರು ಇನ್ನೂ ಇಳಿಯುತ್ತಿರುತ್ತದೆ. ತಂಪು ಹೊತ್ತಿನಲ್ಲೇ ಕೆಸರು ತೆರೆದುಕೊಳ್ಳುತ್ತದೆ. ಸಂಕಷ್ಟಿಯ ಹಿಂದಿನ ದಿನ, ಆ ದಿನ, ಮರುದಿನ, ಈ ಮೂರರಲ್ಲಿ ನಿಮ್ಮ ಎರಡು ದಿನ ಬಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಗದಿದ್ದರೆ ಅಮಾವಾಸ್ಯೆ ಕಳೆದ ತದಿಗೆ-ಚೌತಿ ಹಿಡಿಯಿರಿ, ಲೆಕ್ಕ ಅದೇ.

ಇದು ಅಂದಾಜು. ಹೊರಡುವ ಹಿಂದಿನ ದಿನ ಕಾರವಾರದ ಉಬ್ಬರ-ಇಳಿತದ ಪಟ್ಟಿ ನೋಡಿಕೊಳ್ಳಿ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದನ್ನು ಆನ್‌ಲೈನಿನಲ್ಲಿ ಕೊಡುತ್ತದೆ, ಫೋನಿನಲ್ಲೇ ಸಿಗುತ್ತದೆ. ಪಟ್ಟಿಯಲ್ಲಿ ನೀರಿನ ಎತ್ತರವನ್ನೂ ಗಮನಿಸಿ. ಒಂದೇ ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ಕೆಸರು ಜಾಸ್ತಿ ತೆರೆಯುತ್ತದೆ, ಇನ್ನೊಂದರಲ್ಲಿ ಕಡಿಮೆ. ಅಳಿವೆಯ ಬಾಯಿಂದ ಒಳಕ್ಕೆ ಹೋದಷ್ಟೂ ನೀರು ಇಳಿಯುವುದು ತಡ. ಬಾಯಲ್ಲಿರುವ ತದಡಿಯಲ್ಲಿ ಇಳಿತ ಮುಗಿದಾಗ ಒಳಗಿನ ಮಿರ್ಜಾನಿನ ಕಡೆ ಇನ್ನೂ ಇಳಿಯುತ್ತಿರಬಹುದು.

ಪೂರ್ತಿ ಇಳಿದ ಹೊತ್ತಿಗೇ ಹೋಗಬೇಕು ಅಂತ ಹಲವರು ತಿಳಿದಿರುತ್ತಾರೆ. ನನ್ನ ಅನುಭವ ಬೇರೆ. ಪೂರ್ತಿ ಇಳಿದಾಗ ಕೆಸರು ವಿಶಾಲವಾಗಿ ಹರಡಿಕೊಂಡಿರುತ್ತದೆ, ಹಕ್ಕಿಗಳೂ ಹರಡಿಕೊಂಡು ದೂರ ದೂರ ಇರುತ್ತವೆ. ಸಾಮಾನ್ಯ ಬೈನಾಕ್ಯುಲರಿಗೆ ಅವು ಬರೀ ಚುಕ್ಕೆ. ನೀರು ಮತ್ತೆ ಏರತೊಡಗಿದ ಮೇಲಿನ ಎರಡು ತಾಸು ಇದೆಯಲ್ಲ, ಅದೇ ಬಂಗಾರದ ಹೊತ್ತು. ನೀರು ಮುಂದೆ ಬಂದ ಹಾಗೆ ಹಕ್ಕಿಗಳು ದಂಡೆಯ ಕಡೆ ಸರಿಯುತ್ತವೆ. ನೀವು ಹತ್ತಿರ ಹೋಗಬೇಕಿಲ್ಲ, ಅವೇ ನಿಮ್ಮ ಕಡೆ ಬರುತ್ತವೆ. ಸಂಕಷ್ಟಿಯ ದಿನ ಅದು ಒಂಬತ್ತರಿಂದ ಹನ್ನೊಂದರವರೆಗೆ ಬೀಳುತ್ತದೆ. ಅಪ್ಪನಿಗೆ ಮಡಚುವ ಕುರ್ಚಿ ಒಂದು ಒಯ್ಯಿರಿ, ಅಲ್ಲಾಡದೆ ಕೂತಿರಲಿ. ಓಡಾಡುವ ಮೂವರಿಗಿಂತ ಸುಮ್ಮನೆ ಕೂತ ಒಬ್ಬರಿಗೆ ಹಕ್ಕಿ ಜಾಸ್ತಿ ಹತ್ತಿರ ಬರುತ್ತದೆ.

ಎಲ್ಲಿ ನಿಲ್ಲಬೇಕು? ಅಘನಾಶಿನಿ ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ. ಉತ್ತರ ದಂಡೆಯಲ್ಲಿ ತದಡಿ, ಗೋಕರ್ಣದ ಕಡೆ. ದಕ್ಷಿಣದಲ್ಲಿ ಅಘನಾಶಿನಿ ಊರು, ಕುಮಟಾದ ಕಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ ದಂಡೆಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬಿಸಿಲು ಬೆನ್ನ ಹಿಂದೆ ಇರುತ್ತದೆ, ಹಕ್ಕಿಯ ಬಣ್ಣ ತಿಳಿಯುತ್ತದೆ. ತದಡಿಯಿಂದ ನೋಡಿದರೆ ನೀರಿನ ಹೊಳಪಿಗೆ ಎಲ್ಲ ಹಕ್ಕಿಯೂ ಕಪ್ಪು. ಕಳೆದ ಸಲ ನೀವು ಗೋಕರ್ಣದಲ್ಲಿ ಉಳಿದಿದ್ದಿರಿ. ಈ ಸಲ ಕುಮಟಾದಲ್ಲಿ ಉಳಿಯಿರಿ. ಗದಗಿನಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಬಂದರೆ ಅಲ್ಲಿಂದ ಹೆದ್ದಾರಿ 66 ಹಿಡಿದು ಕುಮಟಾ ದೂರವೇನಲ್ಲ. ಬರುವ ದಾರಿಯಲ್ಲೇ ಸೇತುವೆ ಮೇಲಿಂದ ಅಳಿವೆಯ ಒಳಭಾಗ ಕಾಣುತ್ತದೆ. ಆದರೆ ಹೆದ್ದಾರಿಯ ಸೇತುವೆ ಮೇಲೆ ದಯವಿಟ್ಟು ಕಾರು ನಿಲ್ಲಿಸಬೇಡಿ.

ಎರಡು ದಂಡೆಯ ನಡುವೆ ತದಡಿಯಿಂದ ಅಘನಾಶಿನಿಗೆ ದೋಣಿ ಓಡಾಡುತ್ತದೆ. ಊರಿನ ಜನ ದಿನಾ ದಾಟುವ ದೋಣಿ ಅದು. ಮಗಳಿಗೆ ಅದು ಇಷ್ಟವಾಗುತ್ತದೆ. ಬಂದರಿನ ಹತ್ತಿರ ಮೀನಿನ ದೋಣಿಗಳ ಮೇಲೆ ಕಂದುತಲೆಯ ಗಲ್ ಎಂಬ ಕಡಲಹಕ್ಕಿ, ಅದಕ್ಕಿಂತ ದೊಡ್ಡದಾದ ಪಲ್ಲಾಸ್ ಗಲ್ ಹಾರಾಡುವುದು ನೋಡಲು ಈ ಹತ್ತು ನಿಮಿಷದ ದಾಟು ಸಾಕು.

ಹಕ್ಕಿ ನೋಡಲೆಂದೇ ಬೇರೆ ದೋಣಿ ಮಾಡಬೇಕೆ? ಮೊದಲ ದಿನ ಬೇಡ. ದಂಡೆಯಿಂದಲೇ ನೋಡಿ, ಕಣ್ಣು ಪಳಗಲಿ. ಎರಡನೆಯ ದಿನ ಒಬ್ಬ ಮೀನುಗಾರರನ್ನು ಕೇಳಿಕೊಂಡು ಸಣ್ಣ ದೋಣಿಯಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಿಗೆ ಹೋಗಿ. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಮಗಳನ್ನೂ ಅಪ್ಪನನ್ನೂ ಹತ್ತಿಸಬೇಡಿ, ಇದರಲ್ಲಿ ಸಂಕೋಚ ಬೇಡ. ನೀರು ಏರುವಾಗಲೇ ಹೊರಡಿ. ಇಳಿಯುವಾಗ ಹೊರಟರೆ ದೋಣಿ ಮರಳದಿಬ್ಬಕ್ಕೆ ಸಿಕ್ಕಿಕೊಂಡು ತಾಸುಗಟ್ಟಲೆ ಬಿಸಿಲಲ್ಲಿ ಕೂರಬೇಕಾದೀತು. ಕಾಂಡ್ಲಾದ ಒಳಗೆ ಕಪ್ಪು ಟೋಪಿಯ ಮಿಂಚುಳ್ಳಿ ಇರುತ್ತದೆ. ಕಡುನೀಲಿ ಬೆನ್ನು, ಕಪ್ಪು ತಲೆ, ಬಿಳಿ ಕೊರಳು, ಕೆಂಪು ಕೊಕ್ಕು. ಗದಗಿನ ಹೊಲದ ಬದಿಯ ತಂತಿ ಮೇಲೆ ನೀವು ನೋಡುವ ಮಿಂಚುಳ್ಳಿಗಿಂತ ಇದು ಬೇರೆ. ಇದಕ್ಕೆ ಕರಾವಳಿಯೇ ಬೇಕು. ಮೇಲೆ ಮೀನು ಹಿಡಿಯುವ ಬೇಟೆಹಕ್ಕಿ ಆಸ್ಪ್ರೆ ಸುತ್ತುತ್ತಿದ್ದರೆ ಎಂಜಿನ್ ನಿಲ್ಲಿಸಲು ಹೇಳಿ. ಅದು ಕಾಲು ಮುಂದೆ ಚಾಚಿ ನೀರಿಗೆ ಬೀಳುವುದನ್ನು ಒಮ್ಮೆ ನೋಡಿದ ಮಗು ಮರೆಯುವುದಿಲ್ಲ.

ಇನ್ನು ಕೆಸರಿನ ಹಕ್ಕಿಗಳು. ಇಲ್ಲಿ ಹೊಸಬರು ಸೋಲುತ್ತಾರೆ, ಯಾಕೆಂದರೆ ಎಲ್ಲವೂ ಕಂದು-ಬೂದು, ಎಲ್ಲವೂ ಒಂದೇ ಥರ. ಬಣ್ಣ ಬಿಡಿ. ಅವು ಉಣ್ಣುವ ರೀತಿ ನೋಡಿ. ಗುಬ್ಬಿಗಿಂತ ತುಸು ದೊಡ್ಡದು, ದುಂಡು ತಲೆ, ಗಿಡ್ಡ ಕೊಕ್ಕು, ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ಬಗ್ಗಿ ಏನೋ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಅದು ಸ್ಯಾಂಡ್ ಪ್ಲೋವರ್. ಕಣ್ಣಿಂದ ನೋಡಿ ಬೇಟೆಯಾಡುವ ಹಕ್ಕಿ. ಕಿತ್ತಳೆ-ಕೆಂಪು ಕಾಲಿನದು, ಬಿರುಸಾಗಿ ನಡೆಯುತ್ತ ಕೆಸರು ಚುಚ್ಚುವುದು, ಹಾರಿದಾಗ ರೆಕ್ಕೆಯ ಹಿಂಬದಿಯಲ್ಲಿ ಬಿಳಿ ಪಟ್ಟಿ ಮಿಂಚುವುದು ರೆಡ್‌ಶ್ಯಾಂಕ್. ಕೋಳಿಯಷ್ಟು ದೊಡ್ಡದು, ಕುಡುಗೋಲಿನಂತೆ ಕೆಳಗೆ ಬಾಗಿದ ಕೊಕ್ಕು ಕಂಡರೆ ಅದು ಕರ್ಲ್ಯೂ. ಹೆಣ್ಣಿನ ಕೊಕ್ಕು ಗಂಡಿನದ್ದಕ್ಕಿಂತ ಉದ್ದ, 15 ಸೆಂಟಿಮೀಟರಿನಷ್ಟಿರುತ್ತದೆ. ಕೊಕ್ಕಿನ ತುದಿಯಲ್ಲಿ ನರಗಳು ತುಂಬಿವೆ. ಕತ್ತಲೆಯ ಕೆಸರಿನೊಳಗೆ ಹುಳ ಮಿಸುಕಿದ್ದು ಅದಕ್ಕೆ ತಾಕಿ ತಿಳಿಯುತ್ತದೆ. ಒಂದೇ ಕೆಸರು, ಮೇಲಿನದ್ದು ಒಬ್ಬರಿಗೆ, ನಡುವಿನದ್ದು ಒಬ್ಬರಿಗೆ, ಆಳದ್ದು ಇನ್ನೊಬ್ಬರಿಗೆ. ಅದಕ್ಕೇ ಇಷ್ಟು ಹಕ್ಕಿ ಒಟ್ಟಿಗೆ ಮೇಯಲು ಆಗುವುದು.

ಕರ್ಲ್ಯೂಗಿಂತ ಸಣ್ಣದು, ಕೊಕ್ಕು ಇನ್ನೂ ಗಿಡ್ಡ, ನೆತ್ತಿಯ ಮೇಲೆ ಕಪ್ಪು ಗೆರೆಗಳಿರುವುದು ವಿಂಬ್ರೆಲ್. ಒಂದು ವಿಂಬ್ರೆಲ್ ಸಿಕ್ಕರೆ ಬೇರೆಲ್ಲ ಬಿಟ್ಟು ಹತ್ತು ನಿಮಿಷ ಅದನ್ನೇ ನೋಡಿ. ನಾನು ಒಮ್ಮೆ ಹೆಗಡೆ ಊರಿನ ಹತ್ತಿರ ನೋಡಿದ್ದು ಈಗಲೂ ಕಣ್ಣಲ್ಲಿದೆ. ಏಡಿಯ ಬಿಲದ ಪಕ್ಕ ಅದು ತಲೆ ವಾಲಿಸಿ ನಿಂತಿತ್ತು. ಬಿಲದ ಬಾಯಲ್ಲಿ ಏನೋ ಅಲ್ಲಾಡಿತು. ಕೊಕ್ಕು ಕಣ್ಣಿನವರೆಗೂ ಒಳಗೆ ಹೋಯಿತು. ಎಳೆದದ್ದು ಎರಡು ಬೆರಳಗಲದ ಏಡಿ. ಅದನ್ನು ಜಾಡಿಸಿ ಜಾಡಿಸಿ ಒಂದೊಂದೇ ಕಾಲು ಉದುರಿಸಿತು. ಆಮೇಲೆ ಪಕ್ಕದ ನೀರಿನ ಗುಂಡಿಗೆ ನಡೆದು, ಏಡಿಯನ್ನು ಎರಡು ಸಲ ಅದ್ದಿ, ಕೆಸರು ತೊಳೆದು, ತಲೆ ಮೇಲೆತ್ತಿ ನುಂಗಿತು. ಉದುರಿದ ಕಾಲುಗಳನ್ನು ಹುಡುಕಿ ಅವನ್ನೂ ತಿಂದಿತು. ನಿಮ್ಮ ಮಗಳಿಗೆ ಹೆಸರುಗಳ ಪಟ್ಟಿ ಕೊಡುವುದಕ್ಕಿಂತ ಇಂಥದ್ದೊಂದು ತೋರಿಸಿ.

ಇನ್ನೊಂದು ವಿಷಯ ಅವಳಿಗೆ ಹೇಳಬಹುದು. ಮಾಗಡಿಯ ಹೆಬ್ಬಾತು ಬರುವುದು ಮಂಗೋಲಿಯಾ, ಟಿಬೆಟ್‌ನ ಕಡೆಯಿಂದ. ನಮ್ಮ ಕರಾವಳಿಯ ಸ್ಯಾಂಡ್ ಪ್ಲೋವರ್‌ಗಳೂ ಟಿಬೆಟ್ ಮತ್ತು ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡುವಂಥವು. ಒಂದು ಕಡೆಯಿಂದ ಹೊರಟವುಗಳಲ್ಲಿ ಒಂದಕ್ಕೆ ಗದಗಿನ ಕೆರೆ ಸಾಕು, ಇನ್ನೊಂದು ಮುಷ್ಟಿಯಷ್ಟು ಮೈ ಹೊತ್ತು ಸಮುದ್ರದ ತನಕ ಬರುತ್ತದೆ.

ಉಬ್ಬರದ ಹೊತ್ತನ್ನೂ ಹಾಳು ಮಾಡಬೇಕಿಲ್ಲ. ಆಗ ಹಕ್ಕಿಗಳು ಹೋಗುವುದು ಅಳಿವೆಯಂಚಿನ ಗಜನಿ ಗದ್ದೆಗಳ ಬದುಗಳಿಗೆ, ಮರಳದಿಬ್ಬಗಳಿಗೆ, ಉಪ್ಪು ತೆಗೆಯುವ ಉಪ್ಪಾಗರಗಳಿಗೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಹಳೆಯ ಉಪ್ಪಾಗರ ಇದೆ. ಅಂಗೈಯಷ್ಟು ಆಳದ ನೀರಿನ ಮಡಿಗಳು, ನಡುವೆ ಕಿರಿದಾದ ಬದು. ಅಲ್ಲಿ ಕೆಲಸ ಮಾಡುವವರನ್ನು ಕೇಳಿಯೇ ಒಳಗೆ ಹೋಗಬೇಕು. ಬೇಡ ಅಂದರೆ ರಸ್ತೆಯ ಬದಿಯಿಂದಲೇ ನೋಡಿ, ಕಾರಿನೊಳಗೆ ಕೂತೇ ನೋಡಬಹುದು, ಹಕ್ಕಿಗಳು ಕಾರಿಗೆ ಹೆದರುವುದು ಕಡಿಮೆ. ಅಪ್ಪನಿಗೂ ನೆರಳು ಸಿಗುತ್ತದೆ.

ಗಜನಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಬಂದಾಗ ಈ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿದರೂ ಬದುಕುವ ತಳಿ ಅದು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಎತ್ತಿ ಉಪ್ಪುನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನು, ಸಿಗಡಿ ಬರುತ್ತದೆ. ಅದರ ಹಿಂದೆ ಹಕ್ಕಿ ಬರುತ್ತದೆ. ಕೂಳೆ ಉಳಿದ ಗದ್ದೆಯ ಮೇಲೆ ಚಳಿಗಾಲದಲ್ಲಿ ಮಾರ್ಷ್ ಹ್ಯಾರಿಯರ್ ಎಂಬ ಬೇಟೆಹಕ್ಕಿ ತಗ್ಗಿನಲ್ಲಿ ತೇಲುವುದು ಕಾಣುತ್ತದೆ. ಮಾಣಿಕಟ್ಟಾದ ಕಡೆಯ ಗಜನಿಗೆ ಒಂದು ಸಂಜೆ ಹೋಗಿ ಬನ್ನಿ.

ಗೇಟು ಯಾಕಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಇದು ಬೇಲಿ ಹಾಕಿದ ಅಭಯಾರಣ್ಯ ಅಲ್ಲ. 2024ರ ಜನವರಿ ಕೊನೆಗೆ, 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಗೆ ರಾಮ್ಸಾರ್ ಮನ್ನಣೆ ಘೋಷಣೆಯಾಯಿತು. ನಿಮ್ಮ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಆಗಲೇ ಸೇರಿದ್ದು. ಅದಕ್ಕೂ ಮೊದಲು ರಾಜ್ಯದಲ್ಲಿ ಇದ್ದದ್ದು ರಂಗನತಿಟ್ಟು ಒಂದೇ. ಸಮುದ್ರ ಸೇರುವ ಅಳಿವೆ ಇವುಗಳಲ್ಲಿ ಅಘನಾಶಿನಿ ಮಾತ್ರ. ಮೀನು, ಬಳಚು, ಏಡಿ, ಕಗ್ಗ, ಉಪ್ಪು ಅಂತ ಆರರಿಂದ ಏಳೂವರೆ ಸಾವಿರ ಕುಟುಂಬಗಳು ಇದನ್ನೇ ನಂಬಿವೆ. ಶಿರಸಿಯ ಕಡೆ ಹುಟ್ಟಿ ಬರುವ ಈ ಹೊಳೆಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟಿಲ್ಲ. ಮಣ್ಣು, ಸಿಹಿನೀರು ತಡೆಯಿಲ್ಲದೆ ಬರುತ್ತವೆ, ಬಳಚು ಬೆಳೆಯುತ್ತದೆ. ತದಡಿಗೆ ದೊಡ್ಡ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂದಾಗಲೆಲ್ಲ ಇಲ್ಲಿಯ ಜನ ಎದ್ದು ನಿಂತದ್ದು ಇದಕ್ಕೇ. ನೀವು ಹೋದಾಗ ಅವರ ಅಂಗಳಕ್ಕೆ ಹೋದ ಹಾಗೆ ನಡೆದುಕೊಳ್ಳಿ. ಕೆಲಸದಲ್ಲಿರುವ ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ.

ಹಕ್ಕಿ ಕಡಿಮೆಯಾಗಿವೆಯೇ ಅಂದಿರಿ. ದೇಶದ ಮಟ್ಟದಲ್ಲಿ ಹೌದು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯಲ್ಲಿ ಹೆಚ್ಚು ಇಳಿಮುಖ ಕಂಡ ಗುಂಪುಗಳಲ್ಲಿ ದೂರದಿಂದ ವಲಸೆ ಬರುವ ಈ ದಡದ ಹಕ್ಕಿಗಳೂ ಇವೆ. ಕರ್ಲ್ಯೂ ಜಗತ್ತಿನಲ್ಲೇ ಅಪಾಯದ ಅಂಚಿಗೆ ಬಂದ ಹಕ್ಕಿಗಳ ಪಟ್ಟಿಯಲ್ಲಿದೆ. ಕಾರಣಗಳು ಹಲವು, ಎಲ್ಲವೂ ಇಲ್ಲಿಯವಲ್ಲ. ಇಲ್ಲಿಯ ಒಂದನ್ನು ಹೇಳುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ಬರಿಯ ಕೆಸರು ಕಂಡರೆ ನಮಗೆ ಅದು ಖಾಲಿ ಜಾಗ ಅನ್ನಿಸುತ್ತದೆ, ಕಾಂಡ್ಲಾ ನೆಟ್ಟು ಹಸಿರು ಮಾಡೋಣ ಅನ್ನಿಸುತ್ತದೆ. ಕಾಂಡ್ಲಾ ಬೇಕು, ಮೀನಿನ ಮರಿಗೂ ದಂಡೆಗೂ ಅದು ಆಸರೆ. ಆದರೆ ಬಯಲು ಕೆಸರೂ ಅಷ್ಟೇ ಬೇಕು. ಕರ್ಲ್ಯೂಗೆ, ಪ್ಲೋವರಿಗೆ ಅದೇ ಗದ್ದೆ. ಅದರ ಮೇಲೆಲ್ಲ ಗಿಡ ನೆಟ್ಟರೆ ಅವುಗಳ ಊಟ ಕಿತ್ತುಕೊಂಡ ಹಾಗೆ.

ಅಲ್ಲಿ ನಿಮ್ಮಿಂದ ಆಗಬಾರದ ತೊಂದರೆ ಒಂದೇ, ಹಕ್ಕಿ ಎಬ್ಬಿಸುವುದು. ಉಬ್ಬರದಲ್ಲಿ ವಿಶ್ರಾಂತಿಗೆ ನಿಂತ ಹಿಂಡನ್ನು ಫೋಟೋಗಾಗಿ ಹಾರಿಸುವವರನ್ನು ಕಂಡಿದ್ದೇನೆ. ಹಾರಾಟ ಚಂದವೇ, ಸುಳ್ಳಲ್ಲ. ಆದರೆ ಮುಂದಿನ ಇಳಿತದವರೆಗೆ ಅವಕ್ಕೆ ಊಟವಿಲ್ಲ. ಇರುವ ಕೊಬ್ಬು ಏಪ್ರಿಲಿನ ವಾಪಸು ಪ್ರಯಾಣಕ್ಕೆ ಕೂಡಿಡಬೇಕಾದದ್ದು. ಹತ್ತಿರ ಹೋಗುವಾಗ ಹಿಂಡಿನ ತಲೆಗಳನ್ನು ನೋಡುತ್ತಿರಿ. ಮೇಯುತ್ತಿದ್ದವು ತಲೆ ಎತ್ತಿ ನಿಂತವು ಅಂದರೆ ನೀವೂ ನಿಲ್ಲಿ. ಮೆಲ್ಲಗೆ ದೂರ ನಡೆಯತೊಡಗಿದವು ಅಂದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಮಗಳು ಇದನ್ನು ನಿಮಗಿಂತ ಬೇಗ ಕಲಿಯುತ್ತಾಳೆ.

ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿ ಕಂಡರೂ ಮೊಣಕಾಲಿನ ತನಕ ಹೂತುಹೋಗುತ್ತದೆ, ಒಳಗಿನ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ನೀರು ಏರತೊಡಗಿದಾಗ ಹಿಂದಿನ ಕಾಲುವೆ ಮೊದಲು ತುಂಬುತ್ತದೆ, ವಾಪಸು ಬರುವ ದಾರಿಯೇ ಇರುವುದಿಲ್ಲ. ಟೋಪಿ, ನೀರು, ಉದ್ದ ತೋಳಿನ ಅಂಗಿ, ಇಷ್ಟಿದ್ದರೆ ಆಯಿತು. ಹನ್ನೊಂದೂವರೆ ಮೇಲೆ ಕೆಸರಿನ ಮೇಲೆ ಬಿಸಿಲ ಝಳ ಏಳುತ್ತದೆ, ಎಷ್ಟು ಒಳ್ಳೆಯ ಬೈನಾಕ್ಯುಲರಿದ್ದರೂ ಹಕ್ಕಿ ಕದಡಿ ಕಾಣುತ್ತದೆ. ಆಗ ಅಪ್ಪನನ್ನು ಕರೆದುಕೊಂಡು ಹೋಗಿ ಊಟ ಮುಗಿಸಿ.

ನೋಡಿದ್ದನ್ನು ಹಕ್ಕಿ ದಾಖಲಿಸುವ ಈ-ಬರ್ಡ್‌ ಜಾಲತಾಣದಲ್ಲಿ ಹಾಕುವುದಾದರೆ ಷರಾ ಜಾಗದಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಅಂತಲೂ ಬರೆಯಿರಿ. ಜನವರಿಯಲ್ಲೇ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, ಮಾಗಡಿಯಲ್ಲೂ ಇಲ್ಲೂ ನಿಮ್ಮ ಎಣಿಕೆ ಕೆಲಸಕ್ಕೆ ಬರುತ್ತದೆ.

ಮತ್ತೆ ಬರಲು ಆಗುವುದಾದರೆ ಏಪ್ರಿಲಿನ ಮೊದಲ ಎರಡು ವಾರದಲ್ಲಿ ಬನ್ನಿ, ಶಾಲೆಗೂ ರಜೆ ಹತ್ತಿರ. ಹಕ್ಕಿಗಳ ಸಂಖ್ಯೆ ಆಗ ಕಡಿಮೆ, ಸೆಕೆ ಜಾಸ್ತಿ. ಆದರೆ ಜನವರಿಯಲ್ಲಿ ಬೂದು ಬಣ್ಣದಲ್ಲಿ ನೋಡಿದ ಸ್ಯಾಂಡ್ ಪ್ಲೋವರಿನ ಎದೆ ಆಗ ಇಟ್ಟಿಗೆ ಕೆಂಪಿಗೆ ತಿರುಗಿರುತ್ತದೆ. ಟಿಬೆಟ್ಟಿಗೆ ಹೊರಡುವ ಮೊದಲಿನ ಕೆಲವೇ ದಿನ ಅದು ಇಲ್ಲಿ ಕಾಣಸಿಗುವುದು. ಆಗಲೂ ಸಂಕಷ್ಟಿಯ ದಿನವನ್ನೇ ನೋಡಿಕೊಳ್ಳಿ.